ಮರದ ಪುಟ್ಟ ರೇಸ್ ಕಾರು: ಗೆಲುವು ಅಡಗಿರುವುದು ಚಕ್ರದ ತೂತಿನಲ್ಲಿ

ಏಳು ಇಂಚು ಉದ್ದದ ಪೈನ್ ಮರದ ಒಂದು ತುಂಡು, ನಾಲ್ಕು ಪ್ಲಾಸ್ಟಿಕ್ ಚಕ್ರ, ನಾಲ್ಕು ಮೊಳೆ. ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಮಕ್ಕಳ ಕೈಗೆ ಕೊಡುತ್ತಾರೆ. ಮಗು ಮನೆಯವರ ಜೊತೆ ಕೂತು ಅದರಿಂದ ಒಂದು ಕಾರು ಮಾಡಬೇಕು. ಅದಕ್ಕೆ ಇಂಜಿನ್ ಇರುವುದಿಲ್ಲ, ಬ್ಯಾಟರಿಯೂ ಇಲ್ಲ. ಇಳಿಜಾರು ಟ್ರ್ಯಾಕ್‌ನ ತುದಿಯಲ್ಲಿ ಇಟ್ಟು ಬಿಟ್ಟರೆ ತನ್ನ ಭಾರದಿಂದಲೇ ಕೆಳಗೆ ಓಡಬೇಕು. ಯಾರ ಕಾರು ಮೊದಲು ಮುಟ್ಟುತ್ತದೋ ಅವರು ಗೆದ್ದರು. ಈ ಆಟದ ಹೆಸರು ಪೈನ್‌ವುಡ್ ಡರ್ಬಿ.

ಅಮೆರಿಕದಲ್ಲಿ ಮಕ್ಕಳನ್ನು ಕಬ್ ಸ್ಕೌಟ್‌ಗೆ ಸೇರಿಸಿದ ಕನ್ನಡ ಕುಟುಂಬಗಳಿಗೆ ಇದು ಗೊತ್ತಿರುವ ಆಟ. ಅಲ್ಲಿ ಕೆಲವು ಮಸೀದಿಗಳ ಆಶ್ರಯದಲ್ಲೂ ಸ್ಕೌಟ್ ಘಟಕಗಳು ನಡೆಯುತ್ತವೆ. ನಮ್ಮ ಊರಿನ ಮಕ್ಕಳಿಗೂ ಇದರ ಅಣ್ಣತಮ್ಮಂದಿರು ಗೊತ್ತು. ಹಳೆಯ ಬೇರಿಂಗ್ ತಂದು ಹಲಗೆಗೆ ಸಿಕ್ಕಿಸಿ ಏರಿನಿಂದ ಇಳಿಬಿಡುವ ಬೇರಿಂಗ್ ಗಾಡಿ, ಬಳ್ಳಾರಿ-ಆದೋನಿ ಕಡೆಯ ಮಕ್ಕಳು ಜೋಳದ ದಂಟಿನಲ್ಲಿ ಮಾಡುವ ಬಂಡಿ, ಎಲ್ಲವೂ ಇದೇ ಜಾತಿಯವು.

ಈ ಆಟದಲ್ಲಿ ಹೊಸಬರು ಮಾಡುವ ಕೆಲಸ ಸಾಮಾನ್ಯವಾಗಿ ಒಂದೇ ರೀತಿ ಇರ್ತದೆ. ಕಾರಿನ ಅಂದ ಚೆಂದಕ್ಕೆ ನಾಲ್ಕು ದಿನ, ಬಣ್ಣಕ್ಕೆ ಎರಡು ದಿನ, ಕೊನೆಗೆ ಚಕ್ರಕ್ಕೆ ಐದು ನಿಮಿಷ. ಓಟದ ದಿನ ಬಣ್ಣದ ಕಾರು ಹಿಂದೆ ಬೀಳ್ತದೆ, ಪೆಟ್ಟಿಗೆಯಂಥ ಸಾದಾ ಕಾರು ಮುಂದೆ ಹೋಗ್ತದೆ. ಕಾರಣ ಹುಡುಕಿದರೆ ಅದು ಕಣ್ಣಿಗೆ ಕಾಣದ ಜಾಗದಲ್ಲಿ, ಚಕ್ರದ ನಡುವಿನ ತೂತು ಮತ್ತು ಅದರೊಳಗಿನ ಮೊಳೆಯಲ್ಲಿ ಇರ್ತದೆ.

ಒಂದೇ ವರ್ಷ, ಎರಡು ಊರು

ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬ ಕಬ್ ಸ್ಕೌಟ್ ನಾಯಕರಿದ್ದರು. ಮಕ್ಕಳು ಒಳಗೆ ಕೂತು ಓಡಿಸುವ ಸೋಪ್ ಬಾಕ್ಸ್ ಡರ್ಬಿ ಎಂಬ ಇಳಿಜಾರಿನ ಗಾಡಿ ಓಟ ಅಲ್ಲಿ ಮೊದಲೇ ಇತ್ತು. ಅವರ ಮಗನಿಗೆ ಅದಕ್ಕೆ ಬೇಕಾದ ವಯಸ್ಸಾಗಿರಲಿಲ್ಲ. ಸಣ್ಣ ಮಕ್ಕಳೂ ಅಪ್ಪನ ಜೊತೆ ಸೇರಿ ಕೈಯಲ್ಲಿ ಮಾಡಿ ಓಡಿಸಬಹುದಾದ ಕಾರು ಯಾಕೆ ಇರಬಾರದು ಎಂದು ಯೋಚಿಸಿ ಅವರು ಈ ಆಟ ಕಟ್ಟಿದರು. ಮೊದಲ ಓಟ ನಡೆದದ್ದು 1953ರ ಮೇ 15ರಂದು. ಮರುವರ್ಷವೇ ಇದು ಅಮೆರಿಕದ ಸ್ಕೌಟ್ ಸಂಸ್ಥೆಯ ಮೂಲಕ ದೇಶವಿಡೀ ಹರಡಿತು.

ಅದೇ 1953ರ ಅಕ್ಟೋಬರ್ 1ರಂದು ಇಲ್ಲಿ ಇನ್ನೊಂದು ಬದಲಾವಣೆ ಆಯಿತು. ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಜಿಲ್ಲೆಯ ಆದೋನಿ ಮತ್ತು ಆಲೂರು ತಾಲೂಕುಗಳು ಅದಕ್ಕೆ ಸೇರಿದವು. ಚಿಪ್ಪಗಿರಿ ಇರುವುದು ಈ ಆಲೂರಿನ ಸೀಮೆಯಲ್ಲೇ. ಗಡಿ ಆ ಕಡೆ ಹೋದರೂ ಕನ್ನಡ ಮಾತು ಉಳಿದ ಪ್ರದೇಶ ಇದು. ಎರೆಮಣ್ಣು, ಹತ್ತಿ, ಜೋಳ. ಟ್ರ್ಯಾಕ್ಟರ್ ಬರುವ ಮುಂಚೆ ಇಲ್ಲಿನ ಬೆಳೆ ಪೇಟೆಗೆ ಹೋಗುತ್ತಿದ್ದುದು ಎತ್ತಿನ ಬಂಡಿಯಲ್ಲಿ. ಅಂದರೆ ಅಲ್ಲಿ ಮಕ್ಕಳ ಚಕ್ರ ಓಡಲು ಶುರುವಾದ ಕಾಲಕ್ಕೆ ಇಲ್ಲಿ ಆಳೆತ್ತರದ ಚಕ್ರಗಳು ಓಡುತ್ತಲೇ ಇದ್ದವು. ಎರಡಕ್ಕೂ ಬೇಕಾದ ವಿದ್ಯೆ ಒಂದೇ.

ಬಂಡಿಯ ಗಾಲಿ ಹೇಳುವ ಪಾಠ

ಎತ್ತಿನ ಬಂಡಿಯ ಗಾಲಿಯಲ್ಲಿ ನಡುವೆ ಗುಂಬ, ಅದರಿಂದ ಹೊರಟ ಅರೆಗಳು, ಅರೆಗಳ ತುದಿಗೆ ಸುತ್ತು ಹಾಕಿದ ಬಾಗಿದ ಮರದ ತುಂಡುಗಳು, ಎಲ್ಲದರ ಹೊರಗೆ ಕಬ್ಬಿಣದ ಹಳಿ. ಈ ಹಳಿಯನ್ನು ಗಾಲಿಗಿಂತ ಚೂರು ಚಿಕ್ಕದಾಗಿ ಮಾಡಿ, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದಾಗ ಅದು ಹಿಗ್ಗುತ್ತದೆ. ಆಗ ಗಾಲಿಗೆ ತೊಡಿಸಿ ಕೂಡಲೇ ನೀರು ಹುಯ್ದರೆ ಹಳಿ ಕುಗ್ಗಿ, ಎಲ್ಲ ಕೀಲುಗಳನ್ನೂ ಅದುಮಿ ಹಿಡಿಯುತ್ತದೆ.

ಹಳಿ ಹಾಕುವ ಮುಂಚೆ ಬಡಗಿ ಮಾಡುವ ಒಂದು ಕೆಲಸ ಉಂಟು. ಗಾಲಿಯನ್ನು ನಡುವಿನ ತೂತಿನ ಮೇಲೆ ನಿಲ್ಲಿಸಿ ಮೆಲ್ಲಗೆ ತಿರುಗಿಸುತ್ತಾನೆ. ಪಕ್ಕದಲ್ಲಿ ಒಂದು ಕೋಲನ್ನು ಅಲ್ಲಾಡದಂತೆ ಹಿಡಿಯುತ್ತಾನೆ. ಗಾಲಿ ಎಲ್ಲಿ ಕೋಲಿನ ಹತ್ತಿರ ಬಂತು, ಎಲ್ಲಿ ದೂರ ಹೋಯಿತು ಎಂದು ನೋಡುತ್ತಾನೆ. ಹತ್ತಿರ ಬಂದ ಜಾಗವನ್ನು ಮಾತ್ರ ಕೆತ್ತುತ್ತಾನೆ.

ಇಲ್ಲಿ ಗಮನಿಸಬೇಕಾದ್ದು ಎರಡು. ಒಂದು, ಅಳತೆಯನ್ನು ನಡುವಿನ ತೂತಿನಿಂದಲೇ ತೆಗೆಯಬೇಕು, ಹೊರಗಿನ ಸುತ್ತಿನಿಂದ ಅಲ್ಲ. ಇನ್ನೊಂದು, ಅಳೆಯುವ ಕೋಲು ಗಾಲಿಯ ಜೊತೆ ಅಲ್ಲಾಡಬಾರದು. ಮರದ ಪುಟ್ಟ ಕಾರಿನ ಚಕ್ರಕ್ಕೂ ಇದಕ್ಕಿಂತ ಬೇರೆ ನಿಯಮ ಇಲ್ಲ.

ಯಾಕೆ ಚಕ್ರಕ್ಕೆ ಇಷ್ಟು ಮಹತ್ವ?

ಸ್ವಲ್ಪ ಲೆಕ್ಕ ಹಾಕೋಣ. ಟ್ರ್ಯಾಕ್‌ನ ಆರಂಭ ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಇರುತ್ತದೆ. ಅಷ್ಟು ಎತ್ತರದಿಂದ ಇಳಿದ ಕಾರು, ಯಾವ ತಡೆಯೂ ಇಲ್ಲದಿದ್ದರೆ, ಸೆಕೆಂಡಿಗೆ ಹತ್ತಿರ ಹತ್ತಿರ 5 ಮೀಟರ್, ಅಂದರೆ ಗಂಟೆಗೆ 17 ಕಿ.ಮೀ.ಗಿಂತ ಹೆಚ್ಚು ವೇಗ ಪಡೆಯುತ್ತದೆ. ಚಕ್ರದ ಅಡ್ಡಳತೆ ಸುಮಾರು 30 ಮಿ.ಮೀ. ಅದು ಒಂದು ಸುತ್ತು ಹಾಕಿದರೆ ಕಾರು ಮುಂದೆ ಹೋಗುವುದು 9.4 ಸೆಂ.ಮೀ. ಹಾಗಾದರೆ ಪೂರ್ತಿ ವೇಗದಲ್ಲಿ ಚಕ್ರ ಸೆಕೆಂಡಿಗೆ 50ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. 42 ಅಡಿಯ ಟ್ರ್ಯಾಕ್ ಮುಗಿಸಲು ಒಂದೊಂದು ಚಕ್ರವೂ 130ಕ್ಕಿಂತ ಹೆಚ್ಚು ಸಲ ಸುತ್ತಬೇಕು.

ಚಕ್ರದಲ್ಲಿ ಕೂದಲೆಳೆಯಷ್ಟು ಉಬ್ಬು ಇದ್ದರೂ ಅದು ಈ 130 ಸುತ್ತಿನಲ್ಲಿ 130 ಸಲ ಟ್ರ್ಯಾಕ್‌ಗೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಕಾರು ನಡುಗುತ್ತದೆ, ಮುಂದೆ ಹೋಗಬೇಕಾದ ಶಕ್ತಿಯಲ್ಲಿ ಒಂದು ಚೂರು ಆ ನಡುಕಕ್ಕೆ ಹೋಗುತ್ತದೆ. ಓಟದ ಒಟ್ಟು ಸಮಯ ಮೂರು ಸೆಕೆಂಡಿನ ಆಸುಪಾಸು. ಸೆಕೆಂಡಿನ ನೂರರಲ್ಲಿ ಒಂದು ಭಾಗ ತಡವಾದರೆ ಕಾರು ಸುಮಾರು ಎರಡು ಇಂಚು ಹಿಂದೆ ಉಳಿಯಿತು ಅಂತಲೇ ಲೆಕ್ಕ. ಗೆಲುವು ಸೋಲು ತೀರ್ಮಾನ ಆಗುವುದು ಈ ಎರಡು ಇಂಚಿನಲ್ಲೇ.

ಕಾರಿನ ತೂಕ 5 ಔನ್ಸ್, ಅಂದರೆ ಸುಮಾರು 142 ಗ್ರಾಂ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಎಲ್ಲರೂ ಆ ಗಡಿವರೆಗೆ ತೂಕ ತುಂಬಿಸಿಯೇ ಬರುತ್ತಾರೆ. ಎತ್ತರವೂ ಎಲ್ಲರಿಗೂ ಒಂದೇ. ಆದ್ದರಿಂದ ಎಲ್ಲ ಕಾರುಗಳಿಗೂ ಸಿಗುವ ಬಂಡವಾಳ ಹೆಚ್ಚು ಕಡಿಮೆ ಸಮಾನ. ಅದನ್ನು ದಾರಿಯಲ್ಲಿ ಯಾರು ಕಡಿಮೆ ಪೋಲು ಮಾಡುತ್ತಾರೋ ಅವರೇ ಮುಂದೆ. ಪೋಲಾಗುವ ಮುಖ್ಯ ಜಾಗ ಚಕ್ರ ಮತ್ತು ಅಚ್ಚು ಉಜ್ಜುವಲ್ಲಿ.

ಮೂರು ಬಗೆಯ ದೋಷ

ಚಕ್ರ ಸರಿ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಸಾಲದು. ಯಾವ ದೋಷ ಎಂದು ಗೊತ್ತಾಗದೆ ಉಜ್ಜಲು ಹೊರಟರೆ ಇದ್ದದ್ದೂ ಹಾಳಾಗ್ತದೆ.

ಮೊದಲನೆಯದು, ಚಕ್ರ ದುಂಡಗಿಲ್ಲ. ಅಚ್ಚಿನಿಂದ ತೆಗೆಯುವಾಗ ಉಳಿದ ಪ್ಲಾಸ್ಟಿಕ್ ಗೆರೆಯೋ, ಉಬ್ಬೋ ಅಂಚಿನಲ್ಲಿ ಇರುತ್ತದೆ. ಎರಡನೆಯದು, ಚಕ್ರ ದುಂಡಗೇ ಉಂಟು, ಆದರೆ ತೂತು ಸರಿಯಾಗಿ ನಡುವಿನಲ್ಲಿ ಇಲ್ಲ. ಇಂಥ ಚಕ್ರ ಓಡುವಾಗ ಕಾರನ್ನು ಎತ್ತಿ ಎತ್ತಿ ಇಳಿಸುತ್ತದೆ. ಮೂರನೆಯದು, ತೂತು ಓರೆಯಾಗಿದೆ. ಆಗ ಚಕ್ರ ಎಡಕ್ಕೆ ಬಲಕ್ಕೆ ತಲೆ ಅಲ್ಲಾಡಿಸುತ್ತದೆ.

ಮೊದಲ ಎರಡು ದೋಷಗಳನ್ನು ತಕ್ಕಮಟ್ಟಿಗೆ ಸರಿ ಮಾಡಬಹುದು. ಮೂರನೆಯದಕ್ಕೆ ಮದ್ದು ಇಲ್ಲ, ಆ ಚಕ್ರವನ್ನು ಬದಿಗಿಡುವುದೇ ಒಳ್ಳೆಯದು. ಸೈಕಲ್ ಅಂಗಡಿಯಲ್ಲಿ ಬೆಂಡ್ ತೆಗೆಯುವುದನ್ನು ನೋಡಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಹೊಳೆಯಬಹುದು. ಸೈಕಲ್ ಚಕ್ರದಲ್ಲಿ ಕಡ್ಡಿಗಳಿವೆ. ಒಂದು ಕಡೆಯ ಕಡ್ಡಿ ಬಿಗಿ ಮಾಡಿ, ಇನ್ನೊಂದು ಕಡೆ ಸಡಿಲ ಮಾಡಿ ರಿಮ್ಮನ್ನು ಎಳೆದು ತರಬಹುದು. ತಪ್ಪಿದರೆ ಮತ್ತೆ ತಿರುಗಿಸಬಹುದು. ಪ್ಲಾಸ್ಟಿಕ್ ಅಥವಾ ಮರದ ಇಡಿ ಚಕ್ರದಲ್ಲಿ ಆ ಅವಕಾಶ ಇಲ್ಲ. ಅಲ್ಲಿ ತೆಗೆಯಲು ಮಾತ್ರ ಬರುತ್ತದೆ, ಸೇರಿಸಲು ಬರುವುದಿಲ್ಲ. ಹಾಗಾಗಿ ಕಡಿಮೆ ತೆಗೆದು ಹೆಚ್ಚು ಸಲ ನೋಡುವುದೇ ಇಲ್ಲಿನ ಜಾಣತನ.

ಚಕ್ರ ಸಿದ್ಧ ಮಾಡುವ ಕ್ರಮ

ಆರಿಸುವುದು: ನಾಲ್ಕು ಬೇಕಾದರೆ ಎಂಟೋ ಹತ್ತೋ ಚಕ್ರ ತೆಗೆದುಕೊಳ್ಳಬೇಕು. ಒಂದೊಂದನ್ನೇ ಮೊಳೆಗೆ ಸಿಕ್ಕಿಸಿ ಬೆರಳಿನಿಂದ ತಿರುಗಿಸಿ ಅಲ್ಲಾಟ ನೋಡಬೇಕು. ತಲೆ ಅಲ್ಲಾಡಿಸುವುದನ್ನು ಮೊದಲೇ ಬೇರೆ ಮಾಡಬೇಕು. ಸ್ಕೌಟ್ ಪೆಟ್ಟಿಗೆಯ ಚಕ್ರಗಳ ಒಳಬದಿಯಲ್ಲಿ ಅಚ್ಚಿನ ಸಂಖ್ಯೆ ಇರುತ್ತದೆ. ಒಂದೇ ಸಂಖ್ಯೆಯವು ಒಂದೇ ಅಚ್ಚಿನಲ್ಲಿ ಹುಟ್ಟಿದವು, ಅವುಗಳ ಗುಣವೂ ಹೆಚ್ಚು ಕಡಿಮೆ ಒಂದೇ.

ಹಿಡಿಸುವುದು: ಚಕ್ರದ ತೂತಿಗೆ ಬಿಗಿಯಾಗಿ ಕೂರುವ ನೇರವಾದ ಸರಳಿಗೆ ಸಿಕ್ಕಿಸಿ, ಅದನ್ನು ಡ್ರಿಲ್ ಮಿಷಿನ್‌ಗೆ ಹಾಕಬೇಕು. ಸರಳು ಸಡಿಲ ಇದ್ದರೆ ಅಳತೆಯೇ ಸುಳ್ಳಾಗುತ್ತದೆ. ಡ್ರಿಲ್ಲನ್ನು ಮೇಜಿಗೆ ಅಲ್ಲಾಡದಂತೆ ಬಿಗಿಯಬೇಕು. ಈ ಕೆಲಸಕ್ಕೆ ದೊಡ್ಡವರು ಜೊತೆಗಿರಲೇಬೇಕು, ಕಣ್ಣಿಗೆ ಕನ್ನಡಕವೂ ಬೇಕು.

ಗುರುತು ಹಾಕುವುದು: ಚಕ್ರ ಮೆಲ್ಲಗೆ ತಿರುಗುವಾಗ ಒಂದು ಮಾರ್ಕರ್ ಪೆನ್ನನ್ನು ಗಟ್ಟಿ ಆಧಾರದ ಮೇಲಿಟ್ಟು ನಿಧಾನಕ್ಕೆ ಹತ್ತಿರ ತರಬೇಕು. ಮೊದಲು ಬಣ್ಣ ತಾಗುವುದು ಉಬ್ಬಿದ ಜಾಗಕ್ಕೆ. ಬಂಡಿಯ ಬಡಗಿಯ ಕೋಲು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಪೆನ್ನು ಮಾಡುತ್ತದೆ. ಲೇತ್ ವರ್ಕ್‌ಶಾಪಿನಲ್ಲಿ ಡಯಲ್ ಗೇಜ್ ಇದ್ದರೆ ಎಷ್ಟು ಉಬ್ಬು ಎಂಬುದು ಅಂಕಿಯಲ್ಲೇ ಸಿಗುತ್ತದೆ.

ಉಜ್ಜುವುದು: ಹೆಚ್ಚಿನವರು ಎಡವುವುದು ಇಲ್ಲಿ. ವಾಟರ್ ಪೇಪರನ್ನು ಬೆರಳಿನಲ್ಲಿ ಒತ್ತಿ ಹಿಡಿದರೆ, ಚಕ್ರದ ಉಬ್ಬು ಬಂದಾಗ ಬೆರಳು ಹಿಂದೆ ಸರಿಯುತ್ತದೆ, ತಗ್ಗು ಬಂದಾಗ ಮುಂದೆ ಬರುತ್ತದೆ. ಎರಡು ಕಡೆಯೂ ಸಮನಾಗಿ ಸವೆಯುತ್ತದೆ. ಚಕ್ರ ನುಣುಪಾಗ್ತದೆ ಹೊರತು ದುಂಡಗಾಗುವುದಿಲ್ಲ. ಅದಕ್ಕೇ ಪೇಪರನ್ನು ಸಮತಟ್ಟಾದ ಮರದ ತುಂಡಿಗೆ ಅಂಟಿಸಿ, ಆ ತುಂಡನ್ನು ಅಲ್ಲಾಡದ ಆಧಾರಕ್ಕೆ ಒತ್ತಿ ಇಡಬೇಕು. ಆಗ ಅದು ಉಬ್ಬನ್ನು ಮಾತ್ರ ಮುಟ್ಟುತ್ತದೆ. 400 ನಂಬರಿನಿಂದ ಶುರು ಮಾಡಿ 600, 1000, 2000 ಎಂದು ನಯದ ಕಡೆಗೆ ಹೋಗಬೇಕು. ಪೇಪರ್ ಒದ್ದೆ ಇರಬೇಕು. ಆದರೆ ಕರೆಂಟಿನ ಮಿಷಿನ್ ಹತ್ತಿರ ನೀರು ಚೆಲ್ಲಬಾರದು.

ನಿಲ್ಲಿಸುವುದು: ಪ್ರತಿ ಐದಾರು ಸೆಕೆಂಡಿಗೊಮ್ಮೆ ನಿಲ್ಲಿಸಿ ಮತ್ತೆ ಗುರುತು ಹಾಕಿ ನೋಡಬೇಕು. ಮಾರ್ಕರಿನ ಬಣ್ಣ ಒಂದು ಕಡೆ ಮಾತ್ರ ಅಲ್ಲ, ಸುತ್ತ ಪೂರ್ತಿ ಬಳೆಯ ಹಾಗೆ ಬಂದರೆ ಕೆಲಸ ಮುಗಿಯಿತು. ಆಮೇಲೆ ಒಂದು ಸಲ ಜಾಸ್ತಿ ಉಜ್ಜಿದರೂ ನಷ್ಟವೇ. ಮಿಷಿನ್ ವೇಗ ಹೆಚ್ಚಿಸಿದರೆ ಪ್ಲಾಸ್ಟಿಕ್ ಬಿಸಿಯಾಗಿ ಮೆತ್ತಗಾಗುತ್ತದೆ, ತೂತು ಅಗಲವಾಗುತ್ತದೆ. ಒಮ್ಮೆ ಅಗಲವಾದ ತೂತು ಮತ್ತೆ ಕಿರಿದಾಗುವುದಿಲ್ಲ.

ತೂತಿನ ಒಳಗೆ: ಹತ್ತಿಯ ದಾರಕ್ಕೆ ಪ್ಲಾಸ್ಟಿಕ್ ಪಾಲಿಶ್ ಅಥವಾ ಸಾದಾ ಬಿಳಿ ಟೂತ್‌ಪೇಸ್ಟ್ ಸವರಿ ತೂತಿನೊಳಗೆ ಹಿಂದೆ ಮುಂದೆ ಎಳೆಯಬೇಕು. ಆಮೇಲೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಬೇಕು. ಪೇಸ್ಟ್ ಒಳಗೆ ಉಳಿದರೆ ಅದೇ ಬ್ರೇಕ್ ಆಗುತ್ತದೆ.

ಮೊಳೆಯೇ ಅಚ್ಚು

ಚಕ್ರ ಎಷ್ಟೇ ಚೆನ್ನಾಗಿದ್ದರೂ ಮೊಳೆ ಸೊಟ್ಟ ಇದ್ದರೆ ಪ್ರಯೋಜನ ಇಲ್ಲ. ಮೊಳೆಯನ್ನು ದಪ್ಪ ಗಾಜಿನ ಮೇಲೆ, ತಲೆ ಗಾಜಿನ ಅಂಚಿನಿಂದ ಹೊರಗೆ ಬರುವಂತೆ ಇಟ್ಟು ಉರುಳಿಸಬೇಕು. ಅಡಿಯಲ್ಲಿ ಬೆಳಕು ಬಂದು ಹೋಗಿ ಮಾಡಿದರೆ ಮೊಳೆ ಬಾಗಿದೆ ಎಂದರ್ಥ. ಮೊಳೆಯ ತಲೆಯ ಕೆಳಗೆ, ಯಂತ್ರದಲ್ಲಿ ಒತ್ತುವಾಗ ಆದ ಚೂಪಾದ ಏಣುಗಳು ಇರುತ್ತವೆ. ಚಕ್ರ ಹೊರಕ್ಕೆ ಸರಿದಾಗ ಅವು ಅದನ್ನು ಕೆರೆಯುತ್ತವೆ. ಮೊಳೆಯನ್ನು ಡ್ರಿಲ್ಲಿಗೆ ಹಾಕಿ ತಿರುಗಿಸುತ್ತಾ ಸಣ್ಣ ಅರದಿಂದ ಆ ಏಣುಗಳನ್ನು ತೆಗೆದು, ಮತ್ತೆ 400ರಿಂದ 2000ದವರೆಗಿನ ಪೇಪರಿನಲ್ಲಿ ಕನ್ನಡಿಯಂತೆ ಹೊಳೆಸಬೇಕು.

ಕೊನೆಗೆ ಎಣ್ಣೆಯ ವಿಷಯ. ಬಂಡಿಗೆ ಕೀಲೆಣ್ಣೆ ಹಾಕುವ ಹಾಗೆ ಇದಕ್ಕೂ ಎಣ್ಣೆ ಹಾಕಿದರಾಯಿತು ಅಂತ ಅನ್ನಿಸಬಹುದು. ಆದರೆ ಎಣ್ಣೆ ಧೂಳು ಹಿಡಿಯುತ್ತದೆ, ಹಗುರವಾದ ಚಕ್ರವನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಹೆಚ್ಚಿನ ಕಡೆ ನಿಯಮದಲ್ಲೂ ಒಣ ಪುಡಿಗೆ ಮಾತ್ರ ಅವಕಾಶ. ಬೀಗಗಳಿಗೆ ಹಾಕುವ ಗ್ರಾಫೈಟ್ ಪುಡಿ ಇದಕ್ಕೆ ಸರಿಯಾದದ್ದು. ಪೆನ್ಸಿಲ್ ಕಡ್ಡಿ ಕೆರೆದು ಹಾಕುವ ಉಪಾಯ ಬೇಡ. ಪೆನ್ಸಿಲ್‌ನಲ್ಲಿ ಗ್ರಾಫೈಟ್ ಜೊತೆ ಜೇಡಿಮಣ್ಣು ಬೆರೆತಿರುತ್ತದೆ, ಅದು ಉಜ್ಜಿ ಸವೆಸುತ್ತದೆ. ಗ್ರಾಫೈಟ್ ಹಾಕುವಾಗ ಮುಖಕ್ಕೆ ಮಾಸ್ಕ್ ಇರಲಿ.

ಚಕ್ರ ಕೂರಿಸುವಾಗ ಕಾರಿನ ಮೈಗೂ ಚಕ್ರಕ್ಕೂ ನಡುವೆ ಒಂದು ಎಟಿಎಂ ಕಾರ್ಡಿನ ದಪ್ಪದಷ್ಟು ಜಾಗ ಬಿಟ್ಟರೆ ಸಾಕು. ನಂತರ ಸಮತಟ್ಟಾದ ನೆಲದ ಮೇಲೆ ಎಂಟು ಹತ್ತು ಅಡಿ ಓಡಿಸಿ ನೋಡಬೇಕು. ಒಂದೇ ಬದಿಗೆ ತಿರುಗಿದರೆ ಮೊಳೆಯನ್ನು ಚೂರು ಚೂರೇ ತಿರುಗಿಸಿ ನೇರ ಮಾಡಬೇಕು. ಟ್ರ್ಯಾಕ್‌ನ ನಡುಪಟ್ಟಿಗೆ ಪದೇ ಪದೇ ಬಡಿಯುವ ಕಾರು ಎಷ್ಟು ಒಳ್ಳೆ ಚಕ್ರ ಇದ್ದರೂ ಸೋಲುತ್ತದೆ.

ಎಲ್ಲಿವರೆಗೆ ಸರಿ, ಎಲ್ಲಿಂದ ಮೋಸ?

ಚಕ್ರ ಹಗುರವಾದರೆ ಅದನ್ನು ತಿರುಗಿಸಲು ಬೇಕಾದ ಶಕ್ತಿ ಕಡಿಮೆ. ಸಾಮಾನ್ಯ ಚಕ್ರ ಒಂದಕ್ಕೆ ಎರಡೂವರೆ ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಕ. ಲೆಕ್ಕ ಹಾಕಿದರೆ ಕಾರಿನ ಒಟ್ಟು ಶಕ್ತಿಯಲ್ಲಿ ನೂರಕ್ಕೆ ನಾಲ್ಕರಷ್ಟು ನಾಲ್ಕು ಚಕ್ರಗಳನ್ನು ತಿರುಗಿಸಲಿಕ್ಕೇ ಹೋಗುತ್ತದೆ. ಇದು ಗೊತ್ತಾದ ಮೇಲೆ ಕೆಲವರು ಚಕ್ರದ ಒಳಗಿನಿಂದ ಪ್ಲಾಸ್ಟಿಕ್ ಕೆರೆದು ತೆಗೆಯುತ್ತಾರೆ, ಅಂಚನ್ನು ಕತ್ತಿಯಂತೆ ತೆಳ್ಳಗೆ ಮಾಡುತ್ತಾರೆ. ಇದಕ್ಕೆಂದೇ ಲೇತ್‌ನಲ್ಲಿ ಕಡೆದ ಚಕ್ರಗಳು ದುಡ್ಡು ಕೊಟ್ಟರೆ ಸಿಗುತ್ತವೆ.

ಅನೇಕ ಕಡೆ ನಿಯಮ ಇದನ್ನು ತಡೆಯುತ್ತದೆ. ಅಚ್ಚಿನ ಗೆರೆ ತೆಗೆಯಬಹುದು, ಉಬ್ಬು ಸರಿ ಮಾಡಬಹುದು, ಆದರೆ ಚಕ್ರದ ಆಕಾರ ಬದಲಿಸಬಾರದು, ತೂಕ ಇಳಿಸಬಾರದು ಎಂಬುದು ಸಾಮಾನ್ಯ ಗಡಿ. ಓಟಕ್ಕೆ ಮುಂಚೆ ಕಾರನ್ನು ತೂಗಿ ಅಳೆದು ಪರೀಕ್ಷಿಸುತ್ತಾರೆ. ನಿಯಮ ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ, ಮೊದಲು ನಿಯಮ ಓದಿ ಆಮೇಲೆ ಪೇಪರ್ ಹಿಡಿಯುವುದು ಒಳ್ಳೆಯದು.

ಇನ್ನೊಂದು ಮೋಸ ನಿಯಮದ ಪುಸ್ತಕಕ್ಕೆ ಸಿಗದು. ಅಪ್ಪನೇ ಎಲ್ಲ ಮಾಡಿ, ಮಗು ಕಾರು ಹಿಡಿದು ನಿಲ್ಲುವುದು. ಗೆದ್ದ ಕಪ್ ಮನೆಗೆ ಬರಬಹುದು, ಆದರೆ ವಿದ್ಯೆ ಮಗುವಿಗೆ ಬರಲಿಲ್ಲ. ಏಳೆಂಟು ವರ್ಷದ ಮಗುವಿಗೆ ಡ್ರಿಲ್ ಕೊಡಲಾಗದು, ಸರಿ. ಆದರೆ ಚಕ್ರ ಆರಿಸುವುದು, ಮಾರ್ಕರ್ ಹಿಡಿಯುವುದು, ಗಾಜಿನ ಮೇಲೆ ಮೊಳೆ ಉರುಳಿಸುವುದು, ತೂತಿನಲ್ಲಿ ದಾರ ಎಳೆಯುವುದು ಅದಕ್ಕೆ ಸಾಧ್ಯ. "ಎಲ್ಲಿ ಉಬ್ಬಿದೆ, ನೀನೇ ಹೇಳು" ಎಂದು ಕೇಳಿದರೆ ಸಾಕು, ಅದು ನೋಡಲು ಕಲಿಯುತ್ತದೆ.

ನಮ್ಮಲ್ಲಿ ಮಾಡುವುದಾದರೆ

ಇದಕ್ಕೆ ಅಮೆರಿಕದ ಪೆಟ್ಟಿಗೆಯೇ ಬೇಕೆಂದಿಲ್ಲ. ಬೆಂಗಳೂರು-ಮೈಸೂರು ದಾರಿಯ ಚನ್ನಪಟ್ಟಣದಲ್ಲಿ ಮರದ ಚಕ್ರ ಕಡೆಯುವ ಕೈಗಳಿಗೆ ಕೊರತೆ ಇಲ್ಲ. ಅಲ್ಲಿನ ಗೊಂಬೆ ಕೆಲಸಕ್ಕೆ ಟಿಪ್ಪು ಸುಲ್ತಾನರು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದರು ಎಂಬ ಮಾತು ಪ್ರಚಲಿತ. ಇಂದಿಗೂ ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳು ಬಹಳಷ್ಟಿವೆ. ಅವರು ಬಳಸುವುದು ಆಲೆ ಮರ. ಕರಾವಳಿಯವರು ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಪಾಲೆ ಮರ ಬೇರೆ, ಇದು ಬೇರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಒಣ ಕೇದಗೆ ಗರಿಯಿಂದ ಹೊಳಪು ಕೊಡುತ್ತಾರೆ. ಮಕ್ಕಳ ಎಳೆಯುವ ಗಾಡಿಯ ಚಕ್ರ ಕಡೆಯುವ ಆ ಕೈಗೆ ನಡು ತಪ್ಪದಂತೆ ತೂತು ಕೊರೆಯುವುದು ದಿನದ ಕೆಲಸ.

ಮರದ ಚಕ್ರಕ್ಕೆ ಒಂದು ಎಚ್ಚರಿಕೆ ಬೇಕು. ಮರ ಪೂರ್ತಿ ಒಣಗಿರಬೇಕು. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಇವತ್ತು ದುಂಡಗೆ ಕಡೆದ ಚಕ್ರ ಒಂದು ತಿಂಗಳಲ್ಲಿ ಮೊಟ್ಟೆಯಾಕಾರ ತಾಳಬಹುದು. ಕರಾವಳಿಯ ಮಳೆಗಾಲದಲ್ಲಂತೂ ಮರ ತೇವ ಕುಡಿದು ಮತ್ತೆ ಉಬ್ಬುತ್ತದೆ. ಹಾಗಾಗಿ ಅರಗೋ ವಾರ್ನಿಷೋ ಬಳಿದು ಮುಚ್ಚುವುದು ಅಂದಕ್ಕೆ ಮಾತ್ರ ಅಲ್ಲ, ಚಕ್ರ ದುಂಡಗೆ ಉಳಿಯಲಿಕ್ಕೂ ಬೇಕು.

ಶಾಲೆಯೋ, ಊರಿನ ಯುವಕರ ಸಂಘವೋ ಮನಸ್ಸು ಮಾಡಿದರೆ ಒಂದು ಹಲಗೆಯ ಟ್ರ್ಯಾಕ್, ಒಂದು ಅಡುಗೆ ಮನೆಯ ಡಿಜಿಟಲ್ ತಕ್ಕಡಿ, ಎಲ್ಲರಿಗೂ ಒಂದೇ ಅಳತೆಯ ಮರ ಮತ್ತು ಚಕ್ರ, ಇಷ್ಟರಲ್ಲಿ ಓಟ ನಡೆಸಬಹುದು. ಚಕ್ರ ಸರಿ ಮಾಡುವ ದಿನ ಊರಿನ ಸೈಕಲ್ ರಿಪೇರಿಯವರನ್ನೋ, ಲೇತ್ ಕೆಲಸದವರನ್ನೋ, ಬಡಗಿಯನ್ನೋ ಗುರುವಾಗಿ ಕರೆದು ಕೂರಿಸಬಹುದು. ದಿನಾ ಅವರ ಅಂಗಡಿ ಮುಂದೆ ಹಾದು ಹೋಗುವ ಮಕ್ಕಳಿಗೆ, ಆ ಕೈಗಳಲ್ಲಿ ಎಷ್ಟು ಲೆಕ್ಕ ಇದೆ ಎಂಬುದು ಅಂದು ಗೊತ್ತಾಗ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಘರ್ಷಣೆ ಎಂಬ ಪಾಠ ಬಂದಾಗ ಅವರಿಗೆ ಅದು ಬರೀ ಪದವಾಗಿ ಉಳಿಯುವುದಿಲ್ಲ, ಬೆರಳ ತುದಿಯಲ್ಲಿ ತಾಗಿದ ಒಂದು ಸಣ್ಣ ಉಬ್ಬಾಗಿ ನೆನಪಿರುತ್ತದೆ.